ಕೆಳಹೊಲದ ಜೊಂಡು

ಮಲಾಕಿ ಕೊಯ್ದು ಮುಗಿಸಿ ಟ್ರ್ಯಾಕ್ಟರ್ ನಿಲ್ಲಿಸಿದಾಗ ಕೆಳಹೊಲದಲ್ಲಿ ಒಂದು ಕಡ್ಡಿ ಜೊಂಡೂ ನಿಂತಿರಲಿಲ್ಲ. ನೆಲೆ ತಪ್ಪಿದ ಹಸಿರು ಜಿಗಿಹುಳುಗಳು ಚಟಪಟ ಹಾರಿ ಅವನ ಪ್ಯಾಂಟು, ತೋಳು, ಟೋಪಿಗೆಲ್ಲ ಅಂಟಿಕೊಂಡವು. ಕೊಡವಿದರೂ ಮತ್ತೆ ಹತ್ತಿದವು.

"ಈಗ ನೋಡು, ಹೊಲ ಹೊಲದ ಥರ ಕಾಣ್ತಿದೆ," ಎಂದಳು ಬೇಲಿಯ ಹತ್ತಿರ ಬಂದ ಹೆಂಡತಿ ನೋರೀನ್. "ಇನ್ನು ಯಾರೂ ಮೂಗು ಮುರಿಯೋ ಹಾಗಿಲ್ಲ."

ಲೀಟ್ರಿಮ್ ಸೀಮೆಯಲ್ಲಿ ಜೊಂಡು ಬೆಳೆದ ಹೊಲವೆಂದರೆ ಸೋಮಾರಿಯ ಹೊಲ. ಮನೆಯಿಂದ ಮನೆಗೆ ಸರದಿಯಂತೆ ನಡೆಯುವ ಚರ್ಚಿನ ಪೂಜೆ ಆ ಸಂಜೆ ಅವರ ಮನೆಯಲ್ಲಿ. ಪಾದ್ರಿ ಮನೆಗೇ ಬರುತ್ತಾರೆ, ಜೊತೆಗೆ ಸುತ್ತಲ ಹನ್ನೆರಡು ಮನೆಯವರು. ನೋರೀನ್ ತಿಂಗಳಿಂದ ಗೋಡೆ, ಬಾಗಿಲು, ಕೊನೆಗೆ ಕೋಳಿಗೂಡಿಗೂ ಬಣ್ಣ ಬಳಿದಿದ್ದಳು. ಅಂದಿನವರೆಗೆ ಜೊಂಡು ಮಾತ್ರ ಉಳಿದದ್ದು ಮಲಾಕಿ ಕೊಟ್ಟ ಮಾತಿನಿಂದ. ಅವನಿಗೆ ಅಕ್ಷರ ಕಲಿಸಿದ ಮಿಸ್ ಕೀವನಿ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಬಲೆ ಹಿಡಿದು ಬಂದು ಅಲ್ಲಿನ ಜಿಗಿಹುಳು ಎಣಿಸಿ ಬರೆದುಕೊಳ್ಳುತ್ತಿದ್ದರು. ಅಪರೂಪದ ಹುಳುವೇನಲ್ಲ. ಆದರೂ "ಅಕ್ಟೋಬರ್‌ವರೆಗೆ ಮುಟ್ಟಲ್ಲ ಮಿಸ್" ಎಂದು ಅವನೇ ಹೇಳಿದ್ದ.

ಅಂದೂ ಶನಿವಾರವೇ. ಮಧ್ಯಾಹ್ನ ಮಿಸ್ ಬಂದು ಬಲೆಯನ್ನು ಬೇಲಿಗೆ ಒರಗಿಸಿದರು.

"ಯಾರು ಕತ್ತರಿಸಿದ್ದು, ಮಲಾಕಿ?"

"ಡೆಕ್ಲನ್, ಮಿಸ್. ಮೇಲಿನ ಹೊಲದ ಹುಲ್ಲು ಕೊಯ್ಯಿ ಅಂದ್ರೆ ಇದನ್ನೂ ಸವರಿಬಿಟ್ಟಿದ್ದಾನೆ. ಅವನಿಗೇನ್ ಗೊತ್ತು."

ಕೂಲಿಗೆ ಹುಲ್ಲು ಕೊಯ್ಯುವ ಡೆಕ್ಲನ್ ಅಂದು ಇತ್ತ ತಲೆಯೂ ಹಾಕಿರಲಿಲ್ಲ. ಐವತ್ತೆರಡು ವರ್ಷದ ಗಂಡಸು ಮೂರನೇ ಕ್ಲಾಸಿನವನಂತೆ ಪಕ್ಕದವನತ್ತ ಬೆರಳು ತೋರಿಸಿದ್ದ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಹೋಗ್ಲಿ ಬಿಡು," ಎಂದರು ಮಿಸ್. "ಮೊಟ್ಟೆ ಇಡೋ ಕಾಲ ಇದು. ಆ ಕಡ್ಡಿಯೊಳಗೇ ಇಡ್ತವೆ."

ಸಂಜೆ ಪೂಜೆ ಮುಗಿದು ಟೀ, ಕೇಕು ಹಂಚುವಾಗ ಅಡುಗೆಮನೆ ಕಿಕ್ಕಿರಿದಿತ್ತು. ಮಿಸ್ ನೇರವಾಗಿ ಡೆಕ್ಲನ್ ಹತ್ತಿರ ಹೋದರು.

"ಜೊಂಡಿನ ವಿಷಯ ಮನಸ್ಸಿಗೆ ಹಚ್ಕೋಬೇಡಪ್ಪ. ನಿನಗೆ ಗೊತ್ತಿರ್ಲಿಲ್ಲ."

ಡೆಕ್ಲನ್ ಕಪ್ಪು ಹಿಡಿದುಕೊಂಡೇ ಮಲಾಕಿಯ ಮುಖ ನೋಡಿದ. ಮಲಾಕಿ ಕಣ್ಣು ತಗ್ಗಿಸಿದ.

"ತಪ್ಪಾಯ್ತು ಮಿಸ್," ಎಂದ ಡೆಕ್ಲನ್.

"ಇನ್ಮೇಲೆ ಕನ್ನಡಕ ಹಾಕ್ಕೊಂಡು ಕೊಯ್ಯೋ ಮಾರಾಯ," ಎಂದು ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು. ಡೆಕ್ಲನ್ನೂ ನಕ್ಕ. ಬಾಯಿ ಬಿಡಬೇಕಾದವನು ಮಾತ್ರ ಕೇಕಿನ ತಟ್ಟೆ ಎತ್ತಿಕೊಂಡು ಪಾದ್ರಿಯ ಕಡೆ ನಡೆದ.

ಹೊರಡುವಾಗ ಮಿಸ್ ಬಾಗಿಲ ಬಳಿಯ ಗೂಟದಿಂದ ಕೋಟು ತೆಗೆದುಕೊಂಡರು. ಪಕ್ಕದ ಗೂಟದಲ್ಲಿ ಒಂದು ಟೋಪಿ, ಅದರ ಅಂಚಿನಲ್ಲಿ ಒಂದು ಹಸಿರು ಜಿಗಿಹುಳು. ಬೆರಳು ಚಾಚಿದರೆ ಅದು ಅಡ್ಡಡ್ಡ ಸರಿದು ಅಂಚಿನ ಆಚೆ ಬದಿಗೆ ಅಡಗಿತು. ಅವರು ಟೋಪಿಯನ್ನು ಬಹಳ ಹೊತ್ತು ನೋಡಿದರು.

"ನಿನ್ನದೇ ಅಲ್ವಾ, ಮಲಾಕಿ?"

"ಹೌದು ಮಿಸ್."

ಮೆಲ್ಲಗೆ ತೆಗೆದು ಅವನ ಎರಡೂ ಕೈಗೆ ಕೊಟ್ಟರು. "ಪಾಪ, ಅದನ್ನ ಅದರ ಮನೆಗೆ ಬಿಟ್ಟು ಬಾ."

ಹೊರಗೆ ಇನ್ನೂ ಬೆಳಕಿತ್ತು. ಗೇಟಿನ ಬಳಿ ಸಿಗರೇಟು ಹಚ್ಚುತ್ತಿದ್ದ ಡೆಕ್ಲನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕೆಳಹೊಲದ ನಡುವೆ ಮಲಾಕಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಹುಳುವನ್ನು ಕೂರಿಸಲು ನೆಟ್ಟಗೆ ನಿಂತ ಒಂದು ಕಡ್ಡಿಗಾಗಿ ಸುತ್ತ ಹುಡುಕುತ್ತಿದ್ದ.