ಬೆನ್ನಡಿಯ ಅಂಗೈಯಷ್ಟು ಜಾಗ

ನಾನು ಒಂದು ಎಣ್ಣೆಬಣ್ಣದ ಚಿತ್ರ. ಆರಡಿ ಅಗಲ, ನಾಲ್ಕಡಿ ಎತ್ತರ. ನನ್ನ ಮೇಲೆ ಭೀಮ ಜರಾಸಂಧನನ್ನು ಕೆಡವುತ್ತಿದ್ದಾನೆ. ನೋಡಿದವರೆಲ್ಲ ಭೀಮನಿಗೆ ಕೈಮುಗಿಯುತ್ತಾರೆ. ಮುಗಿಯಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನಾನು ಮಾತ್ರ ಕೆಳಗಿರುವವನ ಕಡೆ.

ಹುಟ್ಟಿದ್ದು ಮೈಸೂರಿನ ಚಿತ್ರಗಾರ ಪುಟ್ಟಲಿಂಗಾಚಾರ್ಯರ ಪಡಸಾಲೆಯಲ್ಲಿ. ವಕೀಲ ಶಾಮಣ್ಣನವರು ತಮ್ಮ ಹಜಾರಕ್ಕೆ ಧರ್ಮ ಅಧರ್ಮವನ್ನು ಗೆಲ್ಲುವ ಚಿತ್ರ ಬೇಕೆಂದಿದ್ದರು. ಆಚಾರ್ಯರ ಬಳಿ ಫ್ರಾನ್ಸ್ ದೇಶದ ಹಳೆಯ ಚಿತ್ರಗಳ ಪುಸ್ತಕವೊಂದಿತ್ತು. ಅದರಲ್ಲಿ ಗ್ರೀಕರ ವೀರರು ರಾಕ್ಷಸರೊಡನೆ ಹೆಣಗುತ್ತಿದ್ದರು. ಅಮೃತಶಿಲೆಯಲ್ಲಿ ಕಡೆದಂಥ ಮೈ, ಒಂದೇ ಕಡೆಯಿಂದ ಬೀಳುವ ಬೆಳಕು, ಕಾದಾಡುವಾಗಲೂ ಶಾಂತವಾದ ಮುಖ. ನಮ್ಮ ಭೀಮನೂ ಹಾಗೇ ಇರಬೇಕೆಂದು ಆಚಾರ್ಯರು ಹಟ ಹಿಡಿದರು.

ಮಾದರಿಗೆ ಬಂದವನು ಪೈಲ್ವಾನ್ ಜವರಯ್ಯ. ಭೀಮನಾಗಿ ಎಂಟು ದಿನ ಕದಲದೆ ನಿಂತ. ಒಂಬತ್ತನೆಯ ದಿನ ಆಚಾರ್ಯರು ಚಾಪೆ ತೋರಿಸಿ, "ಈಗ ಜರಾಸಂಧನ ಸರದಿ. ಅಂಗಾತ ಮಲಕ್ಕೊಳಪ್ಪ" ಎಂದರು.

"ಆಗಾಕಿಲ್ಲ ಸ್ವಾಮಿ. ಈ ಬೆನ್ನು ಇವತ್ತಿನ್ಗಂಟ ಮಣ್ಣು ಮುಟ್ಟಿಲ್ಲ. ಚಿತ್ರದಲ್ಲೂ ಮುಟ್ಟಾಕಿಲ್ಲ."

"ರಾತ್ರಿ ಹೇಗೆ ಮಲಗ್ತೀಯೋ?"

"ಮಗ್ಗುಲಾಗಿ."

ಆಚಾರ್ಯರು ನಗಲಿಲ್ಲ. "ಜರಾಸಂಧ ಸೋಲೋನು ಕಣಪ್ಪ" ಎಂದರು.

"ಸೋಲೋನೇ ಸ್ವಾಮಿ ಜಾಸ್ತಿ ಕಾದಾಡೋದು. ಕುಸ್ತೀಲಿ ಅನುಮಾನ ಬಂದ್ರೆ ಬೆನ್ನಿನಡಿ ಅಂಗೈ ತೂರಿಸಿ ನೋಡ್ತಾರೆ. ತೂರಿದ್ರೆ ಸೋತಿಲ್ಲ ಅಂತ. ಅಷ್ಟು ಜಾಗ ಬುಡಿ."

ಹಾಗೆಂದು ಮೊಣಕೈ ಊರಿ, ಎದೆಯೆತ್ತಿ ಚಾಪೆಯ ಮೇಲೆ ಒರಗಿದ. ತೋಳು ನಡುಗುತ್ತಿತ್ತು, ಬೆನ್ನು ಇಳಿಯಲಿಲ್ಲ. ಆಚಾರ್ಯರು ಕಂಡದ್ದನ್ನೇ ಬರೆದರು. ಬೆನ್ನಿಗೂ ನೆಲಕ್ಕೂ ನಡುವೆ ಒಂದು ಅಂಗೈಯಷ್ಟು ಬೆಳಕು ಉಳಿಯಿತು. ನನಗೆ ಜೀವ ಬಂದದ್ದು ಆ ಜಾಗದಲ್ಲಿ.

ಶಾಮಣ್ಣನವರು ನೋಡಿ ಮುಖ ಸಿಂಡರಿಸಿದರು. "ಅಧರ್ಮ ಇನ್ನೂ ಎದ್ದು ಬರೋ ಹಾಗಿದೆಯಲ್ಲ ಆಚಾರ್ರೇ. ಪೂರ್ತಿ ಮಲಗಿಸಿ."

ಆಚಾರ್ಯರು ಒಪ್ಪಲಿಲ್ಲ. ವಕೀಲರು ನನ್ನನ್ನು ಮನೆಗೆ ಒಯ್ದು, ಬೋರ್ಡು ಬರೆಯುವವನೊಬ್ಬನನ್ನು ಕರೆಸಿದರು. ಅವನು ಆ ಬೆಳಕಿಗೆ ಕಪ್ಪು ಮೆತ್ತಿದ. ಜರಾಸಂಧ ಅಂಗಾತ ಬಿದ್ದ.

ಕೆಲವು ದಿನಗಳ ಮೇಲೆ ಜವರಯ್ಯ ಚಿತ್ರ ನೋಡಲು ಬಂದ. ಬಾಗಿಲಲ್ಲೇ ನಿಂತು ನೋಡಿದ. "ಕೆಡವ್ಬುಟ್ರಲ್ಲ" ಎಂದಷ್ಟೇ ಹೇಳಿ ಹೊರಟುಹೋದ. ಕಣದಲ್ಲಿ ಯಾರಿಂದಲೂ ಆಗದ ಕೆಲಸವನ್ನು ನನ್ನ ಮೈಮೇಲೆ ಒಂದು ಕುಂಚ ಮಾಡಿತ್ತು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಒಣಗದ ಎಣ್ಣೆಯ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಕಪ್ಪನ್ನು ಕೊಡವಿದವನು ನಾನು. ಬೇಸಿಗೆಯಲ್ಲಿ ಬಿರಿದೆ, ಚಳಿಯಲ್ಲಿ ಬಿಗಿದೆ. ಇಪ್ಪತ್ತೆಂಟು ವರ್ಷ ಹಕ್ಕಳೆ ಹಕ್ಕಳೆಯಾಗಿ ಉದುರಿಸಿದೆ. ಮನೆಯವರು ಬೆಳಿಗ್ಗೆ ಗುಡಿಸುತ್ತ ಗೋಡೆಗೆ ಗೆದ್ದಲು ಹಿಡಿದಿದೆ ಎಂದುಕೊಂಡರು.

ವಕೀಲರು ತೀರಿಕೊಂಡರು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ವರ್ಷ ಮುರುಕು ಕುರ್ಚಿಗಳ ಹಿಂದೆ ಇದ್ದೆ. ಭೀಮನಿದ್ದಾನೆಂದು ಗರಡಿಮನೆಯವರು ನನ್ನನ್ನು ಕೊಂಡು, ಹನುಮಪ್ಪನ ಪಕ್ಕದ ಮೂಲೆಯಲ್ಲಿ ತೂಗುಹಾಕಿದರು. ಈಗ ಬಣ್ಣ ಮಾಸಿದೆ, ಚೌಕಟ್ಟು ಹುಳು ತಿಂದಿದೆ. ಮುದುಕನಾದೆ, ಮೆತ್ತಗಾಗಿಲ್ಲ.

ಒಂದು ಸಂಜೆ ಜವರಯ್ಯ ಕೋಲೂರಿಕೊಂಡು ಬಂದ. ಕಣ್ಣು ಮಂಜಾಗಿತ್ತು. ನನ್ನ ಹತ್ತಿರ ಬಂದು ನಿಂತ. ಅಂಗೈಯನ್ನು ಜರಾಸಂಧನ ಬೆನ್ನಿನ ಕೆಳಗೆ ಅಡ್ಡವಾಗಿ ಇಟ್ಟು ನೋಡಿದ. ಮತ್ತೆ ತೆರೆದುಕೊಂಡಿದ್ದ ಬೆಳಕಿನಲ್ಲಿ ಅದು ಸರಿಯಾಗಿ ಹಿಡಿಯಿತು.

ಸುತ್ತ ನಿಂತಿದ್ದ ಪೈಲ್ವಾನರ ಕಡೆ ತಿರುಗಿ, ಪಂದ್ಯದ ತೀರ್ಪು ಹೇಳುವವನ ಹಾಗೆ ಹೇಳಿದ:

"ಮುಟ್ಟಿಲ್ಲ."