ಜಗಳಗಂಟರ ಪೀಠ

ಈನಕ್ ಥ್ವೇಟನ ಎದೆ ನಾಲ್ಕು ದಿನದಿಂದ ಡವಡವ ಎನ್ನುತ್ತಿತ್ತು. ಕೇಂಬ್ರಿಡ್ಜಿನ ವಾದಶಾಲೆಯ ಪೀಠ ಹತ್ತಿ, ಮೂವರು ಎದುರಾಳಿಗಳ ಮುಂದೆ ಲ್ಯಾಟಿನ್ನಿನಲ್ಲಿ ತನ್ನ ಪ್ರಮೇಯವನ್ನು ಉಳಿಸಿಕೊಳ್ಳಬೇಕು. ಉಳಿಸಿಕೊಂಡರೆ ರ್‍ಯಾಂಗ್ಲರ್ ಆಗುವ ದಾರಿ, ಕಾಲೇಜಿನಲ್ಲೇ ಕೆಲಸ. ಇಲ್ಲದಿದ್ದರೆ ಊರಿಗೆ ಹೋಗಿ ಅಪ್ಪನ ಮಗ್ಗಕ್ಕೆ ಕೂರಬೇಕು.

ರ್‍ಯಾಂಗ್ಲರ್ ಅಂದರೆ ಜಗಳಗಂಟ. ಸಂತೆಯಲ್ಲಿ ಕುರಿಗಾಗಿ ಕೂಗಾಡುವವರಿಗೆ ಅವನೂರಲ್ಲಿ ಅದೇ ಹೆಸರು. ಮೊದಲು ಕುಸ್ತಿಗೇ ಆ ಮಾತಿತ್ತಂತೆ, ಊರಿನ ಪಾದ್ರಿ ಹೇಳಿದ್ದರು. ಇಲ್ಲಿ ಮಾತ್ರ ಗಣಿತದ ಮೊದಲ ದರ್ಜೆಯವರಿಗೆ ಅದು ಬಿರುದು! ಹೊರಡುವಾಗ ಅವ್ವ, "ಹೊಂದ್ಕೊಂಡು ಹೋಗಪ್ಪಾ, ಬಾಯಿ ಮಾಡ್ಬೇಡ" ಅಂದಿದ್ದಳು, ಪಾಪ.

ವಾದದ ಹಿಂದಿನ ದಿನ ಎದುರಾಳಿಗಳನ್ನು ಟೀಗೆ ಕರೆದು, ಯಾರು ಏನು ಆಕ್ಷೇಪ ಎತ್ತುತ್ತಾರೆಂದು ಕೇಳಿಕೊಳ್ಳುವುದು ಅಲ್ಲಿನ ರೂಢಿ. ಇಬ್ಬರು ಹೇಳಿದರು. ಮೂರನೆಯವನು, ಸಿರಿವಂತರ ಮನೆಯ ಆಂಬ್ರೋಸ್ ಫೆನ್‌ವಿಕ್, ಬೆಣ್ಣೆ ಸವರಿದ ಬ್ರೆಡ್ಡನ್ನೆಲ್ಲ ಖಾಲಿ ಮಾಡಿದ.

"ನಿಂದೇನಪ್ಪಾ?"

"ನಾಳೆ ಗೊತ್ತಾಗತ್ತೆ ಬಿಡೋ," ಎಂದು ಎದ್ದುಹೋದ.

ಈನಕ್‌ನ ಪ್ರಮೇಯದಲ್ಲೊಂದು ಬಿರುಕಿತ್ತು. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಆಂಬ್ರೋಸನ ಕೈಗೆ ಅದು ಸಿಕ್ಕಿಬಿಟ್ಟಿದೆ ಎಂದೇ ನಂಬಿದ.

ಮರುದಿನ ಮೊದಲ ಇಬ್ಬರು ಟೀ ಕುಡಿಯುವಾಗ ಹೇಳಿದ್ದನ್ನೇ ಕೇಳಿದರು, ಈನಕ್ ಗಿಳಿಪಾಠ ಒಪ್ಪಿಸಿದ. ವಾದ ನಡೆಸಿ ದರ್ಜೆ ಕೊಡುವ ಅಧ್ಯಕ್ಷರು ಆಕಳಿಸಿದರು. ಆಂಬ್ರೋಸ್ ಎದ್ದ. ಬಾಯಿ ತೆರೆದ, ಮುಚ್ಚಿದ. ಈ ಪುಣ್ಯಾತ್ಮ ಒಂದಕ್ಷರವನ್ನೂ ಓದಿಲ್ಲವೆಂದು ಈನಕ್‌ಗೆ ಆಗ ಹೊಳೆಯಿತು. ಸಂತೋಷಪಡುವಂತಿರಲಿಲ್ಲ. ಎದುರಾಳಿಯೇ ಮೂಕನಾದರೆ ವಾದವೆಲ್ಲಿ? ಗಿಳಿಪಾಠಕ್ಕೆ ಯಾರೂ ರ್‍ಯಾಂಗ್ಲರ್ ಪಟ್ಟ ಕಟ್ಟುವುದಿಲ್ಲ. ಅಧ್ಯಕ್ಷರು ದರ್ಜೆ ಬರೆಯುವ ಪುಸ್ತಕ ಮುಚ್ಚಲು ಕೈಚಾಚಿದರು.

"ಫೆನ್‌ವಿಕ್ ಅವರು ಕೇಳ್ಬೇಕು ಅಂದ್ಕೊಂಡಿರೋದು ಬಹುಶಃ ಇದು," ಎಂದು ಈನಕ್ ತನ್ನ ಬಿರುಕನ್ನು ತಾನೇ ತೋರಿಸಿಬಿಟ್ಟ.

ಅಧ್ಯಕ್ಷರು ನೆಟ್ಟಗೆ ಕೂತರು. "ಸರಿ, ಉತ್ತರ ಹೇಳು."

ಈನಕ್ ಪೀಠದ ಅಂಚು ಗಟ್ಟಿಯಾಗಿ ಹಿಡಿದು, ತಾನೇ ಆಕ್ಷೇಪ ಎತ್ತಿ ತಾನೇ ಉತ್ತರಿಸುತ್ತ, ಗಂಟೆಹೊತ್ತು ತನ್ನ ಮೇಲೆ ತಾನೇ ಬಿದ್ದು ಹೊಡೆದಾಡಿದ. ಕೊನೆಗೆ, "ಅರ್ಧ ಮುಚ್ಚಿದೆ. ಪೂರ್ತಿ ನನ್ನಿಂದಾಗ್ಲಿಲ್ಲ," ಎಂದು ತಲೆ ತಗ್ಗಿಸಿದ.

"ಮೂರನೇ ಎದುರಾಳಿ ಕೆಳಗಿಳೀಲಿ," ಎಂದರು ಅಧ್ಯಕ್ಷರು, ವಾದ ಮುಗಿಸುವ ರೂಢಿಯ ಮಾತಿನಲ್ಲಿ. ಆಮೇಲೆ ಈನಕ್ ಕಡೆ ತಿರುಗಿ, "ಈ ವರ್ಷ ಇಲ್ಲಿ ನಿಜವಾಗಿ ಜಗಳ ಆಡಿದೋನು ನೀನೊಬ್ಬನೇ ಕಣಯ್ಯಾ," ಎಂದು ರ್‍ಯಾಂಗ್ಲರ್ ಆಗಬಲ್ಲವರ ಪಟ್ಟಿಗೆ ಅವನ ಹೆಸರು ಬರೆದುಕೊಂಡರು.

ಈನಕ್ ಇನ್ನೂ ಪೀಠದ ಅಂಚು ಬಿಟ್ಟಿರಲಿಲ್ಲ. ಮೆಟ್ಟಿಲಿಳಿಯಲು ಆಂಬ್ರೋಸನೇ ಬಂದು ಕೈ ನೀಡಿದ.