ಮಾತು ಎತ್ತಿಕೊಡುವವಳು

ಮೀಸೆಯ ಎಡತುದಿ ಬಿಟ್ಟುಕೊಂಡಿದೆ, ಅಂಟು ಸಾಲಲಿಲ್ಲ, ಬೆವರು ಬೇರೆ, ರಾಜ ಉಸಿರೆಳೆದಾಗಲೆಲ್ಲ ಅದು ತುಟಿಯ ಮೇಲೆ ಪಟಪಟ ಎನ್ನುತ್ತಿದೆ, ಎನ್ನಲಿ, ನಾಟಕದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತವಳಿಗೇನು, ಮರೆತವರಿಗೆ ಮಾತು ಎತ್ತಿಕೊಡುವುದಷ್ಟೇ ಅವಳ ಕೆಲಸ, ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ರಾಜನಿಗೆ ಹೆಂಡತಿಯಾಗಿರುವುದೂ ಅಷ್ಟೇ ವರ್ಷದಿಂದ — ನಾಟಕದ ರಾಜನಿಗಲ್ಲ, ಆ ವೇಷ ಹಾಕಿಕೊಂಡ ಮಹಾನುಭಾವನಿಗೆ. ನಾಟಕದ ರಾಣಿ ಈಗಷ್ಟೇ ಸತ್ತು ಒಳಗೆ ಬಂದು ಫ್ಯಾನಿನ ಕೆಳಗೆ ನೀರು ಕುಡಿಯುತ್ತಿದ್ದಾಳೆ. ಸಾವು ರಾಜನನ್ನು ಕರೆಯಲು ಬಂದಿತ್ತು, ನಿನ್ನ ಬದಲು ಯಾರಾದರೂ ಬಂದರೆ ನೀನು ಉಳಿಯಬಹುದು ಎಂದಿತ್ತು, ಅಪ್ಪ ಒಲ್ಲೆ ಎಂದ, ಅಮ್ಮ ಒಲ್ಲೆ ಎಂದಳು, ಹೆಂಡತಿ ಹೊರಟಳು. ಇದು ಎಷ್ಟೋ ದೇಶದ ಪುರಾಣದಲ್ಲಿರೋ ಕಥೆ ಕಣ್ರಪ್ಪಾ, ಎಂದಿದ್ದ ನಿರ್ದೇಶಕ ಮೊದಲ ತಾಲೀಮಿನ ದಿನ, ಹೆಸರು ಬೇರೆ, ಪ್ರಶ್ನೆ ಒಂದೇ, ಉಳಿದೋನು ಯಾತಕ್ಕೆ ಉಳಿದ? ಹೌದಪ್ಪಾ, ಎಲ್ಲಿ ಹೋದರೂ ಹೊರಡುವವಳು ಹೆಂಡತಿಯೇ, ಅದನ್ನು ಮಾತ್ರ ಯಾವ ಪುಣ್ಯಾತ್ಮನೂ ಪ್ರಶ್ನೆ ಎನ್ನಲಿಲ್ಲ. ಅವಳೂ ರಾಣಿಯ ಪಾತ್ರ ಮಾಡಿದವಳೇ, ಮದುವೆಗೆ ಮುಂಚೆ, ಗೋಡೆಗೆ ಬಡಿದು ಬರುವಂಥ ಗಂಟಲು, ಆಮೇಲೆ ಇವನೇ, ಒಂದು ಮನೇಲಿ ಇಬ್ಬರು ನಟರಿದ್ರೆ ಒಲೆ ಹಚ್ಚೋರ್ಯಾರೇ, ನೀನು ಒಳಗಿರು, ನೀನು ಒಳಗಿದ್ರೆ ನಂಗೆ ಧೈರ್ಯ — ಧೈರ್ಯವಂತೆ, ಮಣ್ಣು! ಒಮ್ಮೆ ಇವನು ಮಾತಿನ ನಡುವೆ ನಿಂತಾಗ ಮರೆತನೆಂದುಕೊಂಡು ಮೆಲ್ಲಗೆ ಎತ್ತಿಕೊಟ್ಟಳು, ಬಣ್ಣದ ಕೋಣೆಯಲ್ಲಿ ಎಲ್ಲರೆದುರು ಕೆನ್ನೆಗೆ ಬಿತ್ತು, ಅದು ಮೌನ ಕಣೇ, ಮರೆವಲ್ಲ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ನಾನು ಎಡಗಿವಿ ಮುಟ್ಟಿದ್ರೆ ಮಾತ್ರ ಮಾತು ಕೊಡು, ಇಲ್ದಿದ್ರೆ ಬಾಯಿಗೆ ಬೀಗ. ಕೆನ್ನೆಗಿಂತ ಹೆಚ್ಚು ಉರಿದದ್ದು ಅಲ್ಲಿದ್ದವರು ನಕ್ಕದ್ದು.

ಈಗ ಇವನ ಕೈ ಎಡಗಿವಿಗೆ ಹೋಗಿದೆ. ರಾಣಿ ಸತ್ತ ಮೇಲಿನ ದೊಡ್ಡ ಮಾತು, ನಾಟಕದ ಪ್ರಾಣವೇ ಅದು, ಯಾರಿಗಾಗಿ ಉಳಿಸಿಕೊಂಡೆ ಈ ಉಸಿರನ್ನು, ಅಲ್ಲಿಂದ ಶುರು, ಯಾರಿಗಾಗಿ, ಒಂದು ಶಬ್ದ ಸಾಕು, ನಾಲಿಗೆಯ ತುದಿಯಲ್ಲೇ ಇದೆ, ಇರಲಿ, ಬಾಯಿಗೆ ಬೀಗ. ಒಣಗಲಿ ಇವನ ಗಂಟಲು, ಮೂರನೆಯ ಸಾಲಿನ ಪತ್ರಿಕೆಯವನು ನೋಡಲಿ, ನಾಳೆ ಬರೆಯಲಿ, ಅದನ್ನು ಅವಳೇ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಇನ್ನೊಮ್ಮೆ ಕಿವಿ ಮುಟ್ಟಿದ, ಮುಟ್ಟು, ಕಿತ್ತು ಬರುವವರೆಗೂ ಮುಟ್ಟು — ಅಯ್ಯೋ, ಇದೇನಿದು, ಪತ್ರಿಕೆಯವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಯಾರೋ ಬಿಕ್ಕಿದರು, ಬೆನ್ನ ಹಿಂದೆ ನಿರ್ದೇಶಕ ಆಹಾ, ಏನ್ ಮೌನ ಕಣ್ರೀ, ಇಡೀ ನಾಟಕ ಇಲ್ಲೇ ಇದೆ, ನಾಳೆಯೂ ಹೀಗೇ ನಿಲ್ಲಲಿ. ಥೂ! ಬಾಯಿ ಮುಚ್ಚಿಕೊಂಡರೂ ಕಿರೀಟ ಇವನಿಗೇ! ಎದ್ದಳು, ಪ್ರತಿ ಕೆಳಗೆ ಬಿತ್ತು, ಯಾರಿಗಾಗಿ ಉಳಿಸಿಕೊಂಡೆ ಈ ಉಸಿರನ್ನು — ಪಿಸುಮಾತಲ್ಲ, ಇಪ್ಪತ್ತಾರು ವರ್ಷ ಮುಚ್ಚಿಟ್ಟ ಗಂಟಲು, ಬಾಗಿಲ ಬಳಿ ನಿಂತವನೂ ಬೆಚ್ಚಿದ. ಯಾರೋ ಕಿಸಕ್ಕೆಂದರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು, ಅತ್ತವರೇ ಹೆಚ್ಚು ನಕ್ಕರು. ಬಾ, ಹೊಡಿ ಈಗ, ಇಷ್ಟು ಜನರೆದುರು ಹೊಡಿ, ನಗು ಹೇಗೆ ಉರಿಯುತ್ತದೆ ಅಂತ ನಿನಗೂ ಗೊತ್ತಾಗಬೇಕು, ಅಷ್ಟೇ ಸಾಕು ಅವಳಿಗೆ. ಇವನು ತಿರುಗಿದ. ಸಿಟ್ಟಿಲ್ಲ, ನಾಚಿಕೆಯಿಲ್ಲ, ಪಾಠ ಒಪ್ಪಿಸುವ ಮಗುವಿನಂತೆ ಕೈಕಟ್ಟಿ, ಯಾರಿಗಾಗಿ ಉಳಿಸಿಕೊಂಡೆ ಈ ಉಸಿರನ್ನು, ಎಂದ, ಜನ ನಗುವುದನ್ನು ಕಂಡು ತಾನೂ ನಕ್ಕ, ಸರಿಯಾಗಿ ಹೇಳಿದೆ ಅಲ್ವಾ ಎನ್ನುವ ನಗು, ಅವಳ ಮುಖ ನೋಡಿದ, ಗುರುತು ಹತ್ತದವರನ್ನು ನೋಡುವ ಹಾಗೆ ನೋಡಿದ. ಆಮೇಲೆ? ಎಂದ, ಎಲ್ಲರಿಗೂ ಕೇಳುವಂತೆ, ಆಮೇಲೇನಮ್ಮಾ? ಇನ್ನೂ ಎರಡು ಪುಟ ಮಾತಿದೆ, ಅವಳ ಬಾಯಿಗೆ ಬರುತ್ತಿಲ್ಲ, ಯಾರಿಗೆ ಹೊಡೆದೆ ನಾನು, ಇಷ್ಟು ವರ್ಷ ಹಲ್ಲು ಕಚ್ಚಿ ಕಾದು ಯಾರಿಗೆ ಹೊಡೆದೆ, ಈ ಮೈಯೊಳಗೆ ಇವನಿಲ್ಲ, ನೆನಪನ್ನೆಲ್ಲ ಕಟ್ಟಿಕೊಂಡು ಇವನು ಯಾವಾಗಲೋ ಹೊರಟುಹೋಗಿದ್ದಾನೆ, ಕೈ ಮತ್ತೆ ಮೇಲೇಳುತ್ತಿದೆ, ಎಡಗಿವಿ, ನಗುತ್ತಲೇ ಇದ್ದಾನೆ, ಬೆರಳು ಎಡಗಿವಿಯ ಮೇಲೆ, ಎಡಗಿವಿಯ ಮೇಲೆ ಬೆರಳು